ಪ್ರಾಜೆಕ್ಟ್‌ಗೆ 140 ಜನ ಉತ್ತರ ಕೊಟ್ಟಿದ್ದಾರೆ, 200 ಆದರೆ ಸಾಕಾ? ಮೀನ್ (ಅಂದರೆ ಸರಾಸರಿ) ಹಾಕಬೇಕಾ, ಮೀಡಿಯನ್ (ನಡುವಿನ ಅಂಕಿ) ಹಾಕಬೇಕಾ?

ನಿಮ್ಮ ಕಾಲೇಜಿನ ವಿದ್ಯಾರ್ಥಿಗಳು ದಿನಕ್ಕೆ ಎಷ್ಟು ಹೊತ್ತು ಮೊಬೈಲ್ ನೋಡುತ್ತಾರೆ ಅನ್ನೋದು ಪ್ರಾಜೆಕ್ಟ್. ಗೂಗಲ್ ಫಾರ್ಮ್ ಮಾಡಿ ವಾಟ್ಸಾಪ್ ಗ್ರೂಪಿಗೆ ಹಾಕಿದ್ದೀರಿ. ಇನ್ನು 60 ಜನ ತುಂಬಿದರೆ ಸಾಕಾ ಅಂತ ಕೇಳಿದ್ದೀರಿ. ನಾನೂ ಇದನ್ನೇ ಮಾಡಿದ್ದೆ. ನನ್ನದು ವಾಟ್ಸಾಪ್ ಅಲ್ಲ, ಹಾಲಿನ ಡೈರಿ.

2008ರಲ್ಲಿ ಅರ್ಥಶಾಸ್ತ್ರದಲ್ಲಿ ಎಂ.ಎ. ಓದುತ್ತಿದ್ದೆ. ಮಂಡ್ಯ ಜಿಲ್ಲೆಯ ಒಂದು ಊರನ್ನು ಪ್ರಾಜೆಕ್ಟ್‌ಗೆ ತೆಗೆದುಕೊಂಡಿದ್ದೆ. ಆ ಊರಿನ ಒಂದೊಂದು ಮನೆಗೂ ಹಾಲಿನಿಂದ ಎಷ್ಟು ಆದಾಯ ಬರುತ್ತದೆ ಅನ್ನೋದು ವಿಷಯ. ಬೆಳಗ್ಗೆ ಆರೂವರೆಗೆ ಡೈರಿ ಬಾಗಿಲಲ್ಲಿ ಕೂರುತ್ತಿದ್ದೆ. ಸೆಕ್ರೆಟರಿ ಒಂದು ಸ್ಟೂಲ್ ಕೊಟ್ಟಿದ್ದರು. ಜನ ಕ್ಯಾನು, ಸ್ಟೀಲ್ ಪಾತ್ರೆ ಹಿಡಿದು ಸಾಲಾಗಿ ಬರುತ್ತಿದ್ದರು. ಅಳತೆ ಆಗುತ್ತಿತ್ತು, ಫ್ಯಾಟ್ ಮಷಿನ್‌ಗೆ ಸ್ವಲ್ಪ ಹಾಲು ಹೋಗುತ್ತಿತ್ತು, ಪುಸ್ತಕದಲ್ಲಿ ಲೀಟರ್ ಬರೆದುಕೊಡುತ್ತಿದ್ದರು. ನಾನು ಅಲ್ಲೇ ತಡೆದು ಕೇಳುತ್ತಿದ್ದೆ. ನಾಲ್ಕೇ ದಿನದಲ್ಲಿ 100 ಜನ ಆದರು. ಬೆಳಗಿನ ಹಾಲಿನ ಸರಾಸರಿ ಮನೆಗೆ 8 ಲೀಟರ್ ಅಂತ ಬಂತು. ಅದನ್ನು ಬೆಲೆಗೆ ಗುಣಿಸಿ, ಟೇಬಲ್ ಹಾಕಿ, ಬೈಂಡ್ ಮಾಡಿಸಿ ಕೊಟ್ಟೆ.

ವೈವಾದಲ್ಲಿ, ಅಂದರೆ ಮೌಖಿಕ ಪರೀಕ್ಷೆಯಲ್ಲಿ, ಹೊರಗಿನಿಂದ ಬಂದಿದ್ದ ಪರೀಕ್ಷಕರು ಕೇಳಿದ್ದು ಒಂದೇ ಪ್ರಶ್ನೆ. "ಈ ಊರಲ್ಲಿ ಹಸು ಇಲ್ಲದ ಮನೆ ಎಷ್ಟಿವೆ?"

ನನಗೆ ಗೊತ್ತಿರಲಿಲ್ಲ. ಅಂಥ ಒಂದು ಮನೆಗೂ ನಾನು ಹೋಗಿರಲಿಲ್ಲ.

ಮತ್ತೆ ಮಾಡಿಕೊಂಡು ಬಾ ಅಂದರು. ಆರು ತಿಂಗಳು ಹೋಯಿತು. ಒಂದು ಸಂಸ್ಥೆಯಲ್ಲಿ ಕೆಲಸ ಹೆಚ್ಚುಕಡಿಮೆ ಗಟ್ಟಿಯಾಗಿತ್ತು, ಜುಲೈ ಒಳಗೆ ಅಂಕಪಟ್ಟಿ ತೋರಿಸಬೇಕಿತ್ತು. ಅದೂ ಹೋಯಿತು. ಕೆಲಸ ಸಿಕ್ಕಿತು ಅಂತ ಅಪ್ಪ ಅಷ್ಟರಲ್ಲಾಗಲೇ ನೆಂಟರಿಗೆಲ್ಲ ಹೇಳಿಬಿಟ್ಟಿದ್ದರು.

ತಪ್ಪು ಎಲ್ಲಿ ಆಯ್ತು ಅನ್ನೋದನ್ನು ಬಿಡಿಸಿ ಹೇಳುತ್ತೇನೆ, ಯಾಕಂದರೆ ನೀವೀಗ ನಿಂತಿರೋದು ಅದೇ ಜಾಗದಲ್ಲಿ. ಯಾರ ಬಗ್ಗೆ ಮಾತಾಡುತ್ತೇವೋ ಅವರೆಲ್ಲರೂ ಸೇರಿ ಪಾಪ್ಯುಲೇಶನ್. ಹೆಸರು ಹಾಗಿದ್ದರೂ ಅದು ದೇಶದ ಜನಸಂಖ್ಯೆ ಆಗಬೇಕಿಲ್ಲ, ಜನರೇ ಆಗಬೇಕು ಅಂತಲೂ ಇಲ್ಲ. ನನ್ನದರಲ್ಲಿ ಅದು ಊರಿನ 240 ಮನೆ. ಅದರಿಂದ ಆರಿಸಿ ತೆಗೆದ ಒಂದಿಷ್ಟು ಮನೆ ಸ್ಯಾಂಪಲ್, ಅಂದರೆ ಮಾದರಿ. ನಾನು ರಟ್ಟಿನ ಮೇಲೆ ಬರೆದಿದ್ದು ಊರಿನ ಮನೆಗಳು ಅಂತ. ಕೇಳಿದ್ದು ಡೈರಿಗೆ ಹಾಲು ಹಾಕೋರನ್ನು. ಹಾಲು ಹಾಕುತ್ತಿದ್ದ ಮನೆ 110. ಉಳಿದ 130 ಮನೆ ಬೆಳಗ್ಗೆ ಆರೂವರೆಗೆ ಡೈರಿ ಹತ್ತಿರ ಯಾಕೆ ಬರುತ್ತವೆ? ನಾನು 100ರ ಬದಲು ಆ 110 ಮನೆಯನ್ನೂ ಕೇಳಿದ್ದರೂ ಉತ್ತರ ಸರಿಹೋಗುತ್ತಿರಲಿಲ್ಲ. ತಿಂಗಳುಗಟ್ಟಲೆ ಆ ಸ್ಟೂಲಿನ ಮೇಲೆ ಕೂತಿದ್ದರೂ ಸರಿಹೋಗುತ್ತಿರಲಿಲ್ಲ. ಎಷ್ಟು ಜನ ಅನ್ನೋದು ಇಲ್ಲಿ ಪ್ರಶ್ನೆಯೇ ಅಲ್ಲ. ಯಾರಿಗೆ ಸ್ಯಾಂಪಲ್ ಒಳಗೆ ಬರಲು ದಾರಿಯೇ ಇಲ್ಲ ಅನ್ನೋದು ಪ್ರಶ್ನೆ.

ಎರಡನೇ ಸಲ ಪಂಚಾಯಿತಿಗೆ ಹೋಗಿ ಮನೆ ಕಂದಾಯದ ಪಟ್ಟಿ ತೆಗೆದುಕೊಂಡೆ. 240 ಚೀಟಿ ಬರೆದು ಒಂದು ಡಬ್ಬಕ್ಕೆ ಹಾಕಿ, ಶಾಲೆಯ ಹುಡುಗನೊಬ್ಬನ ಕೈಯಲ್ಲಿ 40 ಎತ್ತಿಸಿದೆ. ಚೀಟಿಯಲ್ಲಿ ಬಂದ ಮನೆಗೇ ಹೋಗಬೇಕು, ಬೀಗ ಹಾಕಿದ್ದರೆ ಸಂಜೆ ಮತ್ತೆ ಹೋಗಬೇಕು, ಪಕ್ಕದ ಮನೆಗೆ ನುಗ್ಗಬಾರದು ಅಂತ ಗಟ್ಟಿ ಮಾಡಿಕೊಂಡೆ.

ಮೂರನೇ ಚೀಟಿ ಒಬ್ಬ ಅಜ್ಜಿಯ ಮನೆ. "ಹಾಲಿನ್ ವಿಸ್ಯ ಕೇಳಕೆ ನಮ್ಮನೆಗ್ಯಾಕ್ ಬಂದಪ್ಪ? ಹಸ ಮಾರಿ ಮೂರ್ ವರ್ಸ ಆಯ್ತು" ಅಂದರು. ಕೊಟ್ಟಿಗೆ ತುಂಬ ಸೌದೆ ಒಟ್ಟಿದ್ದರು. ಗೂಟದಲ್ಲಿ ಹಗ್ಗ ಹಾಗೇ ಇತ್ತು. ಯಜಮಾನರಿಗೆ ಹುಷಾರಿಲ್ಲದಾಗ ಆಸ್ಪತ್ರೆ ಖರ್ಚಿಗೆ ಮಾರಿದ್ದಂತೆ. ನನ್ನ ಹಾಳೆಯಲ್ಲಿ ಲೀಟರ್ ಕಾಲಂನಲ್ಲಿ 0 ಅಂತ ಬರೆದೆ. ಡೈರಿಯ 100 ಹಾಳೆಗಳಲ್ಲಿ ಒಂದು ಸೊನ್ನೆಯೂ ಇರಲಿಲ್ಲ. ಈ 40ರಲ್ಲಿ 22 ಬಂದವು.

ಸರಾಸರಿ 3.4 ಲೀಟರ್. ಇದು ಸ್ಯಾಂಪಲ್‌ನಿಂದ ಸಿಕ್ಕ ಅಂಕಿ, ಇದನ್ನು ಸ್ಟ್ಯಾಟಿಸ್ಟಿಕ್ ಅನ್ನುತ್ತಾರೆ. ನನ್ನ ಅದೃಷ್ಟಕ್ಕೆ ನಿಜವಾದ ಅಂಕಿಯೂ ಸಿಗುವ ಹಾಗಿತ್ತು. ಆ ಊರಿನ ಹಾಲೆಲ್ಲ ಡೈರಿಗೇ ಹೋಗುತ್ತಿತ್ತು, ರಿಜಿಸ್ಟರಿನಲ್ಲಿ ಬೆಳಗಿನ ಒಟ್ಟು ಹಾಲು 880 ಲೀಟರ್. ಅದನ್ನು 240ರಿಂದ ಭಾಗಿಸಿದರೆ 3.67. ಇದು ಇಡೀ ಪಾಪ್ಯುಲೇಶನ್‌ನ ಅಂಕಿ, ಇದರ ಹೆಸರು ಪ್ಯಾರಾಮೀಟರ್. ಚೀಟಿ ಎತ್ತಿದ್ದರಿಂದ ಬಂದ ವ್ಯತ್ಯಾಸ 0.27 ಲೀಟರ್. ಇದು ಸ್ಯಾಂಪ್ಲಿಂಗ್ ಎರರ್. ಬೇರೆ 40 ಚೀಟಿ ಬಂದಿದ್ದರೆ ಇದು ಬೇರೆ ಇರುತ್ತಿತ್ತು, ಚೀಟಿ ಜಾಸ್ತಿ ಮಾಡಿದಷ್ಟೂ ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಡೈರಿ ಬಾಗಿಲಲ್ಲಿ ಕೂತಿದ್ದರಿಂದ ಬಂದ ವ್ಯತ್ಯಾಸ 4 ಲೀಟರಿಗೂ ಮೇಲೆ. ಇದು ಬಯಾಸ್, ಅಂದರೆ ಆರಿಸಿದ ರೀತಿಯಿಂದಲೇ ಉತ್ತರ ಒಂದು ಕಡೆಗೆ ವಾಲುವುದು. ಜನ ಜಾಸ್ತಿಯಾದರೂ ಇದು ಕಡಿಮೆಯಾಗುವುದಿಲ್ಲ.

ಮೀನೋ ಮೀಡಿಯನ್ನೋ ಅಂತ ಕೇಳಿದ್ದೀರಲ್ಲ, ಎರಡನ್ನೂ ಬರೆಯಿರಿ. ಡೈರಿಯ 100 ಜನರಲ್ಲಿ ಮೀನ್ 8, ಮೀಡಿಯನ್ ಅಂದರೆ ಸಾಲಾಗಿ ನಿಲ್ಲಿಸಿದಾಗ ನಡುವಿನವರ ಅಂಕಿ, 6. ಒಂದೇ ಮನೆಯವರು 70 ಲೀಟರ್ ಹಾಕುತ್ತಿದ್ದರು, ಮೀನನ್ನು ಮೇಲಕ್ಕೆ ಎಳೆದದ್ದರಲ್ಲಿ ಅವರ ಪಾಲು ದೊಡ್ಡದು. ಇಡೀ ಊರಿನ ಮೀಡಿಯನ್ ಎಷ್ಟು ಗೊತ್ತಾ? ಸೊನ್ನೆ. 240ರಲ್ಲಿ 130 ಮನೆ ಹಾಲೇ ಹಾಕುವುದಿಲ್ಲ ಅಂದಮೇಲೆ ನಡುವೆ ನಿಲ್ಲೋದು ಸೊನ್ನೆಯೇ ಅಲ್ವಾ. ಆ ಊರಿನ ಬಗ್ಗೆ ನನಗೆ ಗೊತ್ತಾದ ದೊಡ್ಡ ವಿಷಯ ಅದೇ. ಮೊದಲನೇ ಪ್ರಾಜೆಕ್ಟ್‌ನಲ್ಲಿ ಅದು ಕಾಣಲೇ ಇಲ್ಲ.

ಎಸ್‌ಡಿ, ಅಂದರೆ ಸ್ಟ್ಯಾಂಡರ್ಡ್ ಡೀವಿಯೇಶನ್, ಬಗ್ಗೆ ಚಿಕ್ಕದಾಗಿ. ಶಾಲೆಯ ಪುಸ್ತಕದಲ್ಲಿ ಮಾನಕ ವಿಚಲನೆ ಅಂತ ಓದಿರುತ್ತೀರಿ. ಮನೆಯಿಂದ ಮನೆಗೆ ಎಷ್ಟು ಏರುಪೇರು ಇದೆ ಅನ್ನೋದನ್ನು ಅದು ಹೇಳುತ್ತದೆ. ನನ್ನ 40 ಮನೆಗಳಿಗೆ ಅದು 4.6 ಬಂತು. 40ರ ವರ್ಗಮೂಲದಿಂದ ಭಾಗಿಸಿದರೆ ಸುಮಾರು 0.73. ಇದು ಸ್ಟ್ಯಾಂಡರ್ಡ್ ಎರರ್. ಬೇರೆ ಬೇರೆ 40 ಚೀಟಿ ಎತ್ತುತ್ತಾ ಹೋದರೆ ಸರಾಸರಿ ಎಷ್ಟು ಅಲ್ಲಾಡಬಹುದು ಅನ್ನೋದರ ಅಂದಾಜು. ಎಕ್ಸೆಲ್‌ನಲ್ಲಿ ಎಸ್‌ಡಿಗೆ ಎಸ್ ಇರುವ ಸೂತ್ರ ಸ್ಯಾಂಪಲ್‌ಗೆ, ಪಿ ಇರುವುದು ಪಾಪ್ಯುಲೇಶನ್‌ಗೆ. ಸ್ಯಾಂಪಲ್‌ದಾದರೆ ಎಸ್‌ಡಿ ಲೆಕ್ಕದಲ್ಲಿ ಭಾಗಿಸುವಾಗ ಒಂದು ಕಡಿಮೆ, 40ರ ಬದಲು 39. ಸೂತ್ರ ಬಾಯಿಪಾಠ ಮಾಡಿದರೂ ನಿಮ್ಮ ಮುಂದಿರುವುದು ಯಾವುದು ಅಂತ ಗೊತ್ತಿಲ್ಲದಿದ್ದರೆ ಅಲ್ಲೇ ತಪ್ಪುತ್ತೀರಿ.

1936ರ ಅಮೆರಿಕ ಅಧ್ಯಕ್ಷ ಚುನಾವಣೆಯಲ್ಲೂ ಹೀಗೇ ಆಗಿತ್ತು. ಲಿಟರರಿ ಡೈಜೆಸ್ಟ್ ಪತ್ರಿಕೆ ಸುಮಾರು ಒಂದು ಕೋಟಿ ಜನರಿಗೆ ಕಾರ್ಡ್ ಕಳಿಸಿತು. 20 ಲಕ್ಷಕ್ಕೂ ಜಾಸ್ತಿ ವಾಪಸ್ ಬಂದವು. ರೂಸ್‌ವೆಲ್ಟ್ ಎದುರು ನಿಂತಿದ್ದ ಲ್ಯಾಂಡನ್ ಗೆಲ್ಲುತ್ತಾರೆ ಅಂತ ಬರೆದರು. ರೂಸ್‌ವೆಲ್ಟ್ 48 ರಾಜ್ಯಗಳಲ್ಲಿ 46 ಗೆದ್ದರು. ಟೆಲಿಫೋನ್ ಪುಸ್ತಕ, ಕಾರು ನೋಂದಣಿಯ ಪಟ್ಟಿ ನೋಡಿ ಕಾರ್ಡ್ ಕಳಿಸಿದ್ದರು. ಎರಡೂ ಇಲ್ಲದ ಬಡವರು ಪಟ್ಟಿಯಲ್ಲೇ ಕಡಿಮೆ. ಜೊತೆಗೆ ಕಾರ್ಡ್ ಬಂದವರಲ್ಲೂ ಮುಕ್ಕಾಲು ಪಾಲು ಜನ ಉತ್ತರ ಕಳಿಸಲೇ ಇಲ್ಲ.

ನಮ್ಮಲ್ಲಿ ಇದನ್ನು ಸರಿಯಾಗಿ ಮಾಡುವುದನ್ನು ನೋಡಬೇಕಾದರೆ ಬೆಳೆ ಕಟಾವು ಪ್ರಯೋಗಕ್ಕೆ ಹೋಗಿ, ಅಂದರೆ ಹೊಲದ ಒಂದು ಚಿಕ್ಕ ಜಾಗ ಕುಯ್ದು ಇಳುವರಿ ಅಂದಾಜು ಮಾಡುವುದು. ಸರ್ವೆ ನಂಬರ್ ಮೊದಲೇ ಲಾಟರಿ ಥರ ಆರಿಸಿರುತ್ತಾರೆ. ಹೊಲದಲ್ಲಿ ಯಾವ ಜಾಗ ಅನ್ನೋದೂ ಹಾಗೇ. ರಾಗಿ ಹೊಲದಲ್ಲಿ ಒಮ್ಮೆ ನಿಂತು ನೋಡಿದ್ದೇನೆ. ಐದು ಮೀಟರ್ ಉದ್ದ, ಐದು ಮೀಟರ್ ಅಗಲಕ್ಕೆ ಹಗ್ಗ ಕಟ್ಟಿದ್ದರು. "ಆ ಮೂಲೇಲಿ ಒಣಗೋಗದೆ ನೋಡಿ ಸಾರ್, ಅಲ್ಲಿ ಕುಯ್ರಿ" ಅಂತ ರೈತರು ಹೇಳುತ್ತಲೇ ಇದ್ದರು. ಬಂದಿದ್ದವರು ಹಗ್ಗ ಕದಲಿಸಲಿಲ್ಲ. ರೈತರ ಕಷ್ಟ ಕಣ್ಣಿಗೆ ಕಾಣುತ್ತಿತ್ತು. ಆದರೂ ಹಗ್ಗ ಅಲ್ಲೇ ಇರಬೇಕು ಅಂತಲೇ ನನ್ನ ಅಭಿಪ್ರಾಯ.

ಈಗ ನಿಮ್ಮ ಫಾರ್ಮ್. ಮೊಬೈಲ್ ಎಷ್ಟು ನೋಡುತ್ತೀರಿ ಅಂತ ಮೊಬೈಲ್‌ನಲ್ಲೇ ಕೇಳುತ್ತಿದ್ದೀರಿ. ಸದಾ ಗ್ರೂಪಿನಲ್ಲಿ ಇರುವವರು ಮೊದಲು ತುಂಬುತ್ತಾರೆ. ಕೀಪ್ಯಾಡ್ ಫೋನ್ ಇಟ್ಟುಕೊಂಡು ಬಸ್ಸಿನಲ್ಲಿ ಬಂದು ಹೋಗುವ ಹುಡುಗಿಗೆ ನಿಮ್ಮ ಲಿಂಕ್ ಬರುವುದೇ ಇಲ್ಲ. ಆ 60 ಜನರ ಹಿಂದೆ ಬೀಳಬೇಡಿ. ಕಚೇರಿಯಲ್ಲಿ ಕೇಳಿ ಅಡ್ಮಿಶನ್ ಪಟ್ಟಿ ತೆಗೆದುಕೊಳ್ಳಿ, 50 ಹೆಸರು ಚೀಟಿ ಎತ್ತಿ, ಒಬ್ಬೊಬ್ಬರನ್ನೂ ಕ್ಲಾಸಿಗೆ ಹೋಗಿ ಹಿಡಿಯಿರಿ. ರಜೆ ಹಾಕಿದವರನ್ನು ಬಿಡಬೇಡಿ. ಈಗ ಬಂದಿರುವ 140 ಉತ್ತರವನ್ನು ಬೇರೆ ಶೀಟ್‌ನಲ್ಲಿ ಇಟ್ಟಿರಿ, ಎರಡೂ ಸರಾಸರಿ ಅಕ್ಕಪಕ್ಕ ಇಟ್ಟು ಒಂದು ಪುಟ ಬರೆಯಬಹುದು. ಪಟ್ಟಿ ಕೊಡಲ್ಲ ಅಂದರೆ ಗೈಡ್ ಹತ್ತಿರ ಒಂದು ಪತ್ರಕ್ಕೆ ಸಹಿ ಹಾಕಿಸಿಕೊಂಡು ಹೋಗಿ. ನನಗೆ ಪಂಚಾಯಿತಿಯಲ್ಲಿ ಅದರಿಂದಲೇ ಕೆಲಸ ಆಯ್ತು.