ಓದುಗರ ಪ್ರಶ್ನೆ: ಬಾವಿಯಲ್ಲಿ ಕಲಿತ ಈಜು ಡೈವ್‌ಮಾಸ್ಟರ್ ಆಗಲು ಸಾಕೇ?

ಪ್ರಶ್ನೆ: ನಾನು ಧಾರವಾಡ ತಾಲ್ಲೂಕಿನ ಹಳ್ಳಿಯವನು, ವಯಸ್ಸು 24, ಹುಬ್ಬಳ್ಳಿಯಲ್ಲಿ ನೌಕರಿ. ಚಿಕ್ಕಂದಿನಲ್ಲಿ ನಮ್ಮ ಹೊಲದ ಬಾವಿಯಲ್ಲಿ ಬೆಂಡು ಕಟ್ಟಿಕೊಂಡು ಈಜು ಕಲಿತೆ. ಈಚೆಗೆ ಮುರ್ಡೇಶ್ವರಕ್ಕೆ ಹೋಗಿ ನೇತ್ರಾಣಿ ದ್ವೀಪದ ಬಳಿ ಸ್ಕೂಬಾ ಡೈವಿಂಗ್ ಮಾಡುತ್ತಿದ್ದು, ಇತರ ಡೈವರ್‌ಗಳನ್ನು ರಕ್ಷಿಸಲು ಕಲಿಸುವ ರೆಸ್ಕ್ಯೂ ಡೈವರ್ ಹಂತವನ್ನು ಮುಗಿಸಿದ್ದೇನೆ. ಡೈವ್‌ಮಾಸ್ಟರ್ (ಡೈವರ್‌ಗಳ ಗುಂಪನ್ನು ಮುನ್ನಡೆಸುವವ) ಆಗಿ ಇದನ್ನೇ ವೃತ್ತಿ ಮಾಡಿಕೊಳ್ಳುವ ಆಸೆಯಿದೆ. ಆದರೆ ಈಜುಕೊಳದಲ್ಲಿ ಮೂರು ಸಲ ಆಚೆಯಿಂದ ಈಚೆಗೆ ಈಜುವಷ್ಟರಲ್ಲಿ ಏದುಸಿರು ಬರುತ್ತದೆ. ಬೆನ್ನಿಗೆ ಗಾಳಿಯ ಸಿಲಿಂಡರ್ ಇರುವಾಗ ಇಷ್ಟೊಂದು ಈಜು ಏಕೆ ಬೇಕು? ಹೇಗೆ ತಯಾರಿ ನಡೆಸಲಿ?

ಉತ್ತರ: ನೇತ್ರಾಣಿಯಲ್ಲಿ ಈಜು ಬಾರದವರನ್ನೂ ಮಾರ್ಗದರ್ಶಕರು ಜೊತೆಗಿದ್ದು ನೀರಿಗಿಳಿಸುವುದನ್ನು ನೀವು ನೋಡಿರುತ್ತೀರಿ. ಅವರನ್ನು ಹಾಗೆ ಇಳಿಸಲು ಸಾಧ್ಯವಾಗುವುದು, ಜೊತೆಗಿರುವವರಿಗೆ ತಮ್ಮೊಬ್ಬರ ಅಗತ್ಯಕ್ಕಿಂತ ಹೆಚ್ಚಿನ ಈಜು ಬರುತ್ತದೆ ಎಂಬ ಭರವಸೆಯಿಂದ. ನೀರಿನ ಮೇಲೆ ಬಂದವನು ಗಾಬರಿಯಾದಾಗ, ಸೆಳೆತಕ್ಕೆ ಸಿಕ್ಕಿ ದೋಣಿಯಿಂದ ದೂರ ಸರಿದಾಗ, ಸಿಲಿಂಡರಿನಲ್ಲಿ ಗಾಳಿ ಉಳಿದಿದೆಯೋ ಇಲ್ಲವೋ ಎಂಬುದು ಆಮೇಲಿನ ಮಾತು. ಮುಂದಾಳಿನ ಕಾಲು ಮತ್ತು ಉಸಿರು ಸೋಲದಿರುವುದು ಮೊದಲ ಮಾತು. ಡೈವ್‌ಮಾಸ್ಟರ್ ತರಬೇತಿಯಲ್ಲಿ ಈಜಿನ ಪರೀಕ್ಷೆ ಇರುವುದು ಈ ಕಾರಣಕ್ಕೆ.

ಡೈವಿಂಗ್ ತರಬೇತಿ ನಡೆಸುವ ಅಂತರರಾಷ್ಟ್ರೀಯ ಸಂಸ್ಥೆ ಪ್ಯಾಡಿಯ (PADI) ಪದ್ಧತಿಯನ್ನೇ ತೆಗೆದುಕೊಳ್ಳಿ. ಯಾವ ಸಾಧನವನ್ನೂ ಬಳಸದೆ 400 ಮೀಟರ್ ಈಜಬೇಕು. 15 ನಿಮಿಷ ಮುಳುಗದೆ ನೀರಿನಲ್ಲಿ ನಿಲ್ಲಬೇಕು, ಕೊನೆಯ 2 ನಿಮಿಷ ಕೈಗಳನ್ನು ನೀರಿನಿಂದ ಮೇಲೆತ್ತಿರಬೇಕು. ಮಾಸ್ಕ್, ಸ್ನಾರ್ಕೆಲ್ (ಉಸಿರಾಟದ ಕೊಳವೆ), ಫಿನ್ (ಕಾಲಿಗೆ ತೊಡುವ ಈಜುರೆಕ್ಕೆ) ಧರಿಸಿ, ಮುಖವನ್ನು ನೀರಿನಲ್ಲಿಟ್ಟು, ಕೈ ಬೀಸದೆ 800 ಮೀಟರ್ ಸಾಗಬೇಕು. ನಿಶ್ಚಲವಾಗಿರುವ ಡೈವರ್ ಒಬ್ಬನನ್ನು, ಇಬ್ಬರೂ ಪೂರ್ಣ ಸಲಕರಣೆ ತೊಟ್ಟಿರುವಾಗ, 100 ಮೀಟರ್ ಎಳೆದೊಯ್ಯಬೇಕು. ಇವಲ್ಲದೆ ನೀರಿನಡಿಯಲ್ಲಿ ಒಂದೇ ರೆಗ್ಯುಲೇಟರ್‌ನಿಂದ (ಸಿಲಿಂಡರಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ) ಇಬ್ಬರೂ ಸರದಿಯಂತೆ ಉಸಿರಾಡುತ್ತ ತಮ್ಮ ಸಲಕರಣೆಗಳನ್ನು ಅದಲುಬದಲು ಮಾಡಿಕೊಳ್ಳುವ ಪರೀಕ್ಷೆಯೊಂದಿದ್ದು, ಅದು ತೋಳ್ಬಲಕ್ಕಿಂತ ಸಮಾಧಾನವನ್ನು ಅಳೆಯುತ್ತದೆ. ಪ್ರತಿಯೊಂದಕ್ಕೂ 1ರಿಂದ 5ರವರೆಗೆ ಅಂಕಗಳಿದ್ದು, ಒಟ್ಟು 25ರಲ್ಲಿ ಕನಿಷ್ಠ 15 ಬರಬೇಕು. 400 ಮೀಟರನ್ನು ಆರೂವರೆ ನಿಮಿಷದೊಳಗೆ ಮುಗಿಸಿದವರಿಗೆ 5 ಅಂಕ. 13 ನಿಮಿಷ ಮೀರಿದವರಿಗೂ 1 ಅಂಕ ಸಿಗುತ್ತದೆ. ನಡುವೆ ನಿಂತವರಿಗೆ ಮಾತ್ರ ಅದು ಅಪೂರ್ಣವೆಂದೇ ಲೆಕ್ಕ. ಆದ್ದರಿಂದ ವೇಗದ ಚಿಂತೆಯನ್ನು ಸದ್ಯಕ್ಕೆ ಬದಿಗಿಟ್ಟು, ನಿಲ್ಲದೆ ಸಾಗುವುದನ್ನು ಕಲಿಯಿರಿ.

ನಿಮ್ಮ ಏದುಸಿರಿನ ಮೂಲ ಎಲ್ಲಿದೆ ಎಂಬುದನ್ನು ಊಹಿಸಬಲ್ಲೆ, ಏಕೆಂದರೆ ನಾನೂ ಬಾವಿಯಲ್ಲೇ ಈಜು ಕಲಿತವನು. ಬಾವಿಯಲ್ಲಿ ನಾವು ತಲೆ ಎತ್ತಿ, ಕೈ ಬಡಿದು, ನಾಲ್ಕು ಹೊಡೆತಕ್ಕೆ ಎದುರಿನ ಮೆಟ್ಟಿಲು ಹಿಡಿಯುತ್ತೇವೆ. ಅಷ್ಟು ದೂರಕ್ಕೆ ಉಸಿರು ಬಿಗಿಹಿಡಿದರೂ ಸಾಗುತ್ತದೆ. ಈಜುಕೊಳದಲ್ಲಿ ಅದೇ ರೀತಿ ಹೊರಟರೆ, ಎತ್ತಿದ ತಲೆಯ ಭಾರಕ್ಕೆ ಸೊಂಟ ಮತ್ತು ಕಾಲು ಕೆಳಗಿಳಿಯುತ್ತವೆ, ದೇಹ ನೀರನ್ನು ಸೀಳುವ ಬದಲು ನೂಕುತ್ತದೆ, ಒಳಗೆ ಹಿಡಿದ ಉಸಿರಿನಿಂದ ಇಂಗಾಲದ ಡೈಆಕ್ಸೈಡ್ ಸೇರುತ್ತ ಹೋಗಿ ಎದೆ ಬಿಗಿಯುತ್ತದೆ. ಇದನ್ನು ದಮ್ಮಿನ ಕೊರತೆ ಎಂದು ತಿಳಿದು ಹೆಚ್ಚು ಹೆಚ್ಚು ಕೈ ಬಡಿಯುವುದೇ ನಾವು ಮಾಡುವ ತಪ್ಪು. ಮೊದಲ ವಾರ ಕೊಳದ ಅಂಚು ಹಿಡಿದು, ಮುಖ ಮುಳುಗಿಸಿ, ಬಾಯಿ ಮತ್ತು ಮೂಗಿನಿಂದ ಗುಳ್ಳೆಗಳು ಸಣ್ಣಗೆ, ಎಡೆಬಿಡದೆ ಹೊರಡುವಂತೆ ಉಸಿರು ಬಿಡಿ. ಮುಖವನ್ನು ಪಕ್ಕಕ್ಕೆ ಹೊರಳಿಸಿದಾಗ ಒಳಗೆಳೆದುಕೊಳ್ಳುವುದಷ್ಟೇ ಉಳಿದಿರಬೇಕು. ಅನಂತರ 25 ಮೀಟರ್ ಕೊಳವಾದರೆ 16 ಉದ್ದ ಈಜಿದರೆ 400 ಮೀಟರ್ ಆಗುತ್ತದೆ. ಮೂರರಿಂದ ನಾಲ್ಕಕ್ಕೆ, ನಾಲ್ಕರಿಂದ ಆರಕ್ಕೆ ಏರಿ. ಮಾತನಾಡುವಷ್ಟು ಉಸಿರು ಉಳಿಯುವ ವೇಗ ಸಾಕು.

ನಿಂತ ಈಜಿನಲ್ಲಿ ನಿಮಗೆ ಹೆಚ್ಚು ತೊಂದರೆಯಾಗಲಾರದು. ನೆಲ ಸಿಗದ ಬಾವಿಯಲ್ಲಿ ಬೆಳೆದವರಿಗೆ ಅದು ಮೈಗೂಡಿರುತ್ತದೆ. ಸಿಹಿನೀರಿಗಿಂತ ಉಪ್ಪುನೀರು ದೇಹವನ್ನು ಹೆಚ್ಚು ಎತ್ತಿ ಹಿಡಿಯುವುದರಿಂದ, ಕೊಳದಲ್ಲಿ 15 ನಿಮಿಷ ನಿಂತವರಿಗೆ ಸಮುದ್ರ ಹಗುರವೆನಿಸುತ್ತದೆ.

ಎಳೆದೊಯ್ಯುವ ಪರೀಕ್ಷೆಯಲ್ಲಿ ನಾನು ಮೊದಲ ಸಲ ಅರ್ಧ ದಾರಿಯಲ್ಲೇ ನಿಂತುಬಿಟ್ಟೆ. ಬಲವಿರಲಿಲ್ಲವೆಂದಲ್ಲ, ಜೊತೆಗಾರನನ್ನು ತೇಲಿಸುವ ಅವನ ಜಾಕೆಟ್ಟಿಗೆ ಗಾಳಿ ತುಂಬುವುದನ್ನು ಮರೆತಿದ್ದೆ. ಅರ್ಧ ಮುಳುಗಿದ ಅವನ ದೇಹ ನನ್ನ ಪ್ರತಿ ಒದೆತವನ್ನೂ ನುಂಗುತ್ತಿತ್ತು. ಹೊರಡುವ ಮೊದಲು ಇಬ್ಬರ ಜಾಕೆಟ್ಟುಗಳಿಗೂ ಗಾಳಿ ತುಂಬಿ, ಅವನ ಸಿಲಿಂಡರಿನ ಕವಾಟವನ್ನು ಒಂದು ಕೈಯಲ್ಲಿ ಹಿಡಿದು, ಒದೆತವನ್ನು ಮೊಣಕಾಲಿನಿಂದ ಕೊಡದೆ ತೊಡೆಯ ಬುಡದಿಂದ ಕೊಡಿ. ಮೊಣಕಾಲಿನಿಂದ ಒದ್ದರೆ ಫಿನ್ ನೀರನ್ನು ಕಲಕುತ್ತದೆಯೇ ಹೊರತು ಹಿಂದಕ್ಕೆ ತಳ್ಳುವುದಿಲ್ಲ, ಮೀನಖಂಡವೂ ಬೇಗ ಹಿಡಿದುಕೊಳ್ಳುತ್ತದೆ. ಹಾಗೆ ಹಿಡಿದಾಗ ಕಾಲು ನೀಡಿ ಫಿನ್ನಿನ ತುದಿಯನ್ನು ನಿಮ್ಮ ಕಡೆಗೆ ಎಳೆದುಕೊಳ್ಳಿ.

ಒಂದು ಮಾತನ್ನು ಒತ್ತಿ ಹೇಳಬೇಕು. ಅಭ್ಯಾಸಕ್ಕೆಂದು ಉಣಕಲ್ ಕೆರೆಗಾಗಲಿ ಕೆಲಗೇರಿ ಕೆರೆಗಾಗಲಿ ಇಳಿಯಬೇಡಿ. ಕೃಷಿ ಹೊಂಡಕ್ಕಂತೂ ಬೇಡವೇ ಬೇಡ. ಹೊಂಡಕ್ಕೆ ಹಾಸಿದ ಪ್ಲಾಸ್ಟಿಕ್ ಹಾಳೆ ಪಾಚಿಗಟ್ಟಿ ಜಾರುವುದರಿಂದ ಚೆನ್ನಾಗಿ ಈಜು ಬಲ್ಲವರೂ ದಡ ಹತ್ತಲಾಗದೆ ದಣಿಯುತ್ತಾರೆ. ಕಾವಲುಗಾರರಿರುವ ಈಜುಕೊಳದಲ್ಲೂ ದಮ್ಮು ಹೆಚ್ಚಿಸಿಕೊಳ್ಳಲೆಂದು ಜೋರಾಗಿ ಉಸಿರಾಡಿ ನೀರಿನಡಿ ಉಸಿರು ಹಿಡಿಯುವ ಸಾಹಸ ಮಾಡಬೇಡಿ. ಉಸಿರು ಬೇಕೆಂಬ ಎಚ್ಚರಿಕೆ ಬರುವ ಮೊದಲೇ ಪ್ರಜ್ಞೆ ತಪ್ಪುತ್ತದೆ.

ಪ್ಯಾಡಿಯ ನಿಯಮದಂತೆ ತರಬೇತಿಗೆ ಸೇರಲು ಲಾಗ್‌ಬುಕ್ಕಿನಲ್ಲಿ 40 ಡೈವ್‌ಗಳೂ ಮುಗಿಸುವಷ್ಟರಲ್ಲಿ 60 ಡೈವ್‌ಗಳೂ ದಾಖಲಾಗಿರಬೇಕು. ವೈದ್ಯರು ಸಹಿ ಮಾಡಿದ ಆರೋಗ್ಯ ಪತ್ರವೂ ಬೇಕು. ಮಳೆಗಾಲದಲ್ಲಿ ನೇತ್ರಾಣಿಗೆ ದೋಣಿಗಳು ಹೋಗುವುದಿಲ್ಲ. ಆ ತಿಂಗಳುಗಳನ್ನು ಹುಬ್ಬಳ್ಳಿಯ ಕೊಳದಲ್ಲೇ ಕಳೆದರೆ ಸಮಯ ವ್ಯರ್ಥವಾಗದು.

ಪ್ರಶ್ನೆ: ನನ್ನ ಮಗಳಿಗೆ 16 ವರ್ಷ. ಗದಗಿನಲ್ಲಿ ಓದುತ್ತಿದ್ದಾಳೆ, ಶಾಲಾ ಈಜು ಸ್ಪರ್ಧೆಗಳಲ್ಲಿ ಬಹುಮಾನ ಪಡೆದಿದ್ದಾಳೆ. ಈಗಲೇ ಡೈವ್‌ಮಾಸ್ಟರ್ ತರಬೇತಿಗೆ ಕಳುಹಿಸಬಹುದೇ?

ಉತ್ತರ: ಡೈವ್‌ಮಾಸ್ಟರ್ ತರಬೇತಿಗೆ 18 ವರ್ಷ ತುಂಬಿರಬೇಕು. ಅಲ್ಲಿಯವರೆಗೆ ಆರಂಭದ ಹಂತವಾದ ಓಪನ್ ವಾಟರ್‌ನಿಂದ ರೆಸ್ಕ್ಯೂ ಡೈವರ್‌ವರೆಗಿನ ಹಂತಗಳನ್ನು ಅವರು ಮುಗಿಸಿಕೊಳ್ಳಬಹುದು. ಸ್ಪರ್ಧೆಯಲ್ಲಿ ಈಜಿ ಅಭ್ಯಾಸವಿರುವವರಿಗೆ 400 ಮೀಟರ್ ಸುಲಭ; ಕೈ ಬೀಸದೆ ನಿಧಾನವಾಗಿ ಸಾಗುವುದೇ ಕಷ್ಟ. ನೀರಿನಡಿ ಕೈ ಆಡಿಸಿದಷ್ಟೂ ಸಿಲಿಂಡರಿನ ಗಾಳಿ ಬೇಗ ಮುಗಿಯುತ್ತದೆ. ವಾರಕ್ಕೆ ಒಂದು ದಿನವಾದರೂ ಎರಡೂ ಕೈಗಳನ್ನು ಎದೆಯ ಮೇಲೆ ಕಟ್ಟಿಕೊಂಡು ಫಿನ್‌ಗಳಿಂದಲೇ ಈಜುವಂತೆ ಅವರಿಗೆ ಹೇಳಿ.