ವಿಎಸ್ ಕೋಡ್‌ನಲ್ಲಿ ಪೂರ್ತಿ ಫೈಲ್ ಓಡಿಸದೆ ಎರಡೇ ಸಾಲು ಪೈಥಾನ್ ಓಡಿಸೋದು ಹೇಗೆ?

ನಿಮ್ಮ ಪ್ರಶ್ನೆ ನನಗೆ ಅರ್ಥವಾಗಿದ್ದು ಹೀಗೆ: ಕೋಲಾರದ ಟೊಮ್ಯಾಟೊ ಮಂಡಿಯಲ್ಲಿ ಲೆಕ್ಕ ಬರೆಯುತ್ತೀರಿ, ಆ ಲೆಕ್ಕಕ್ಕೇ ಒಂದು ಪೈಥಾನ್ ಪ್ರೋಗ್ರಾಮ್ ಬರೆಯಲು ಹೊರಟಿದ್ದೀರಿ. ವಿಂಡೋಸ್‌ನಲ್ಲಿ ಕೋಡ್ ಬರೆಯುವ ವಿಎಸ್ ಕೋಡ್, ಅದಕ್ಕೆ ಕೋಡ್ ಓಡಿಸಿಕೊಡುವ ಕೋಡ್ ರನ್ನರ್ ಎಕ್ಸ್‌ಟೆನ್ಶನ್ (ಹೆಚ್ಚುವರಿ ಸೌಲಭ್ಯ) ಹಾಕಿದ್ದೀರಿ. ಎರಡು ಸಾಲು ಸೆಲೆಕ್ಟ್ ಮಾಡಿ ಓಡಿಸಿದರೆ ಒಮ್ಮೆ ನೇಮ್ ಎರರ್ (ಈ ಹೆಸರು ಗೊತ್ತಿಲ್ಲ ಅನ್ನುವ ದೂರು), ಒಮ್ಮೆ ಏನೂ ಕಾಣಿಸುವುದಿಲ್ಲ, ಇನ್‌ಪುಟ್ ಕೇಳುವ ಕಡೆ ಟೈಪ್ ಮಾಡಲು ಬಿಡುವುದಿಲ್ಲ.

ನಿಮ್ಮ ಕೋಡ್ ತಪ್ಪಿಲ್ಲ. ಓಡಿಸುವ ಜಾಗ ತಪ್ಪು.

ಈ ನಾಲ್ಕು ಸಾಲು ಇಟ್ಟುಕೊಳ್ಳಿ. ಪೈಥಾನ್ 3ರಲ್ಲಿ ಹೆಸರುಗಳನ್ನು ಕನ್ನಡದಲ್ಲೇ ಇಡಬಹುದು, ಇದು ಹೀಗೆಯೇ ಓಡುತ್ತದೆ:

ಬಾಕ್ಸ್ = 64
ದರ = 320
ಒಟ್ಟು = ಬಾಕ್ಸ್ * ದರ
ಒಟ್ಟು / (ಬಾಕ್ಸ್ * 15)

15 ಅಂದರೆ ಬಾಕ್ಸ್ ಒಂದರ ಕಿಲೋ. ಕೊನೆಯ ಎರಡು ಸಾಲು ಮಾತ್ರ ಸೆಲೆಕ್ಟ್ ಮಾಡಿ ಕಂಟ್ರೋಲ್, ಆಲ್ಟ್, ಎನ್ ಒತ್ತಿದಾಗ ಕೋಡ್ ರನ್ನರ್ ಏನು ಮಾಡುತ್ತದೆ ಗೊತ್ತೇ? ಆ ಎರಡು ಸಾಲನ್ನು ಬೇರೆ ತಾತ್ಕಾಲಿಕ ಫೈಲ್‌ಗೆ ಬರೆದು, ಹೊಸದಾಗಿ ಪೈಥಾನ್ ಶುರು ಮಾಡಿ ಆ ಫೈಲ್ ಓಡಿಸುತ್ತದೆ. ಮೇಲಿನ ‘ಬಾಕ್ಸ್’, ‘ದರ’ ಆ ಫೈಲ್‌ನಲ್ಲಿ ಇರುವುದೇ ಇಲ್ಲ, ಅದಕ್ಕೇ ನೇಮ್ ಎರರ್. ಫೋಲ್ಡರ್‌ನಲ್ಲಿ ಟೆಂಪ್‌ಕೋಡ್‌ರನ್ನರ್‌ಫೈಲ್ ಅನ್ನುವ ಹೆಸರಿನದೊಂದು ಬಿದ್ದಿದ್ದರೆ ಅದು ಇದೇ. ಅಳಿಸಿದರೆ ಏನೂ ಆಗುವುದಿಲ್ಲ. ಫಾರ್ ಲೂಪ್‌ನ ಒಳಗಿನ ಸಾಲನ್ನಷ್ಟೇ ಆರಿಸಿದರೆ ಸಾಲಿನ ಶುರುವಿನ ಖಾಲಿ ಜಾಗವೂ ಹಾಗೇ ಹೋಗಿ ‘ಅನ್‌ಎಕ್ಸ್‌ಪೆಕ್ಟೆಡ್ ಇಂಡೆಂಟ್’ ಅಂತ ಬೈಯುತ್ತದೆ. ನಾಲ್ಕೂ ಸಾಲು ಸೆಲೆಕ್ಟ್ ಮಾಡಿದರೂ ಉತ್ತರ ಕಾಣುವುದಿಲ್ಲ, ಯಾಕೆಂದರೆ ಫೈಲ್ ಓಡಿಸಿದಾಗ ಪ್ರಿಂಟ್ ಅಂತ ಹೇಳದೆ ಪೈಥಾನ್ ಏನನ್ನೂ ತೋರಿಸುವುದಿಲ್ಲ.

ನಿಮಗೆ ಬೇಕಾಗಿರುವುದು ನೆನಪಿಟ್ಟುಕೊಳ್ಳುವ ಪೈಥಾನ್. ಮೈಕ್ರೋಸಾಫ್ಟ್‌ನ ಪೈಥಾನ್ ಎಕ್ಸ್‌ಟೆನ್ಶನ್ ಹಾಕಿ, ಸಾಲುಗಳನ್ನು ಸೆಲೆಕ್ಟ್ ಮಾಡಿ ಶಿಫ್ಟ್ ಎಂಟರ್ ಒತ್ತಿ. ಕೆಳಗೆ ಟರ್ಮಿನಲ್ (ಕಮಾಂಡ್ ಟೈಪ್ ಮಾಡುವ ಕಿಟಕಿ) ತೆರೆದು ಮೂರು ಬಾಣದ ಗುರುತು (>>>) ಬರುತ್ತದೆ. ಮೊದಲ ಸಲ ಪೈಥಾನ್ ಏಳುವ ಮುಂಚೆಯೇ ಕೋಡ್ ಹೋಗಿ, ಟರ್ಮಿನಲ್‌ನಲ್ಲಿ ಕಮಾಂಡ್ ಓದುವ ವಿಂಡೋಸ್‌ನ ಪವರ್‌ಶೆಲ್ ಅದನ್ನು ತನ್ನ ಕಮಾಂಡ್ ಅಂದುಕೊಂಡು ಕೆಂಪಕ್ಷರ ಕಾರುವುದುಂಟು. ಬಾಣ ಬಂದ ಮೇಲೆ ಇನ್ನೊಮ್ಮೆ ಒತ್ತಿದರೆ ಸರಿಹೋಗುತ್ತದೆ. ನಾಲ್ಕು ಸಾಲನ್ನೂ ಕಳಿಸಿ, ಪ್ರಿಂಟ್ ಇಲ್ಲದೆಯೇ 21.33ರಿಂದ ಶುರುವಾಗುವ ಉದ್ದನೆಯ ಸಂಖ್ಯೆ ಬರುತ್ತದೆ: ಕಿಲೋಗೆ ಬಿದ್ದ ದರ. ಈಗ ‘ದರ = 350’ ಅಂತ ತಿದ್ದಿ, ಆ ಸಾಲು ಮತ್ತು ಅದರ ಕೆಳಗಿನ ಎರಡನ್ನು ಮಾತ್ರ ಕಳಿಸಿ. ‘ದರ’ವನ್ನಷ್ಟೇ ಕಳಿಸಿ ‘ಒಟ್ಟು’ ತಾನಾಗಿ ಬದಲಾಗುತ್ತದೆ ಅಂದುಕೊಳ್ಳಬೇಡಿ, ಇದು ಎಕ್ಸೆಲ್ ಅಲ್ಲ. ಹಳೆಯ 20480 ಅಲ್ಲೇ ಕೂತಿರುತ್ತದೆ.

ಈ ನೆನಪಿನಿಂದಲೇ ಒಂದು ಫಜೀತಿಯೂ ಇದೆ. ‘ದರ’ ಅನ್ನುವ ಹೆಸರನ್ನು ಫೈಲ್‌ನಲ್ಲಿ ‘ಬಾಕ್ಸ್_ದರ’ ಅಂತ ಬದಲಿಸಿ, ಕೆಳಗಿನ ಸಾಲಿನಲ್ಲಿ ಬದಲಿಸಲು ಮರೆತಿರಿ ಅನ್ನಿ. ಟರ್ಮಿನಲ್‌ನಲ್ಲಿ ಹಳೆಯ ‘ದರ’ ಇನ್ನೂ ಬದುಕಿರುವುದರಿಂದ ಎಲ್ಲ ಸರಿಯಾಗಿಯೇ ಓಡುತ್ತದೆ, ಮರುದಿನ ಬೆಳಿಗ್ಗೆ ಹರಾಜಿನ ಹೊತ್ತಿಗೆ ಕೈಕೊಡುತ್ತದೆ. ಹಾಗಾಗಿ ಕೆಲಸ ಮುಗಿಸುವ ಮುನ್ನ ಟರ್ಮಿನಲ್‌ನ ಕಸದಬುಟ್ಟಿ ಚಿಹ್ನೆ ಒತ್ತಿ ಅದನ್ನು ಕೊಂದು, ಪೂರ್ತಿ ಫೈಲ್ ಒಮ್ಮೆ ಹೊಸದಾಗಿ ಓಡಿಸಿ.

ಇನ್ನು ಇನ್‌ಪುಟ್. ಕೋಡ್ ರನ್ನರ್ ಫಲಿತಾಂಶ ತೋರಿಸುವ ಔಟ್‌ಪುಟ್ ಪ್ಯಾನೆಲ್ ಓದಲಿಕ್ಕೆ ಮಾತ್ರ, ಅಲ್ಲಿ ಕೀಲಿಮಣೆಗೆ ಜಾಗವೇ ಇಲ್ಲ. ಕಂಟ್ರೋಲ್ ಜೊತೆ ಕಾಮಾ ಒತ್ತಿ ಸೆಟ್ಟಿಂಗ್ಸ್ ತೆರೆದು, ಕೋಡ್ ರನ್ನರ್‌ನ ‘ರನ್ ಇನ್ ಟರ್ಮಿನಲ್’ಗೆ ಟಿಕ್ ಹಾಕಿ. ಅಲ್ಲೇ ಇರುವ ‘ಸೇವ್ ಫೈಲ್ ಬಿಫೋರ್ ರನ್’ಗೂ ಹಾಕಿಬಿಡಿ, ಇಲ್ಲದಿದ್ದರೆ ಸೇವ್ ಮಾಡದ ತಿದ್ದುಪಡಿ ಬಿಟ್ಟು ಹಳೆಯದೇ ಓಡುತ್ತಿರುತ್ತದೆ. ಶಿಫ್ಟ್ ಎಂಟರ್ ಬಳಸುವವರು ಇನ್‌ಪುಟ್ ಸಾಲನ್ನು ಒಂಟಿಯಾಗಿ ಕಳಿಸಿ, ಉತ್ತರ ಟೈಪ್ ಮಾಡಿ, ಆಮೇಲೆ ಉಳಿದದ್ದು ಕಳಿಸಬೇಕು. ಒಟ್ಟಿಗೆ ಕಳಿಸಿದರೆ ಕೆಳಗಿನ ಕೋಡ್ ಸಾಲನ್ನೇ ನಿಮ್ಮ ಉತ್ತರ ಅಂದುಕೊಂಡು ನುಂಗಬಹುದು. ಅಂದಹಾಗೆ, ಇನ್‌ಪುಟ್ ಕೊಡುವುದು ಸಂಖ್ಯೆಯಲ್ಲ, ಅಕ್ಷರ. 64 ಅಂತ ಟೈಪ್ ಮಾಡಿ 15ರಿಂದ ಗುಣಿಸಿದರೆ 960 ಬರುವುದಿಲ್ಲ, 64 ಅನ್ನುವುದೇ ಹದಿನೈದು ಸಲ ಸಾಲಾಗಿ ಬರುತ್ತದೆ. ಇನ್‌ಪುಟ್ ಅನ್ನು ಇಂಟ್ (ಅಕ್ಷರವನ್ನು ಪೂರ್ಣಸಂಖ್ಯೆ ಮಾಡುವ int) ಆವರಣದೊಳಗೆ ಸುತ್ತಿದರೆ ಸರಿ.

ಫೈಲ್ ಉದ್ದವಾದಾಗ ಪ್ರತಿ ಸಲ ಮೌಸ್‌ನಲ್ಲಿ ಸೆಲೆಕ್ಟ್ ಮಾಡುವುದು ಬೇಜಾರು. ಆಗ ತುಂಡಿನ ಮೇಲಿನ ಸಾಲಿನಲ್ಲಿ # %% ಅಂತ ಬರೆಯಿರಿ. ಜುಪಿಟರ್ ಎಕ್ಸ್‌ಟೆನ್ಶನ್ ಇದ್ದರೆ ಆ ಸಾಲಿನ ಮೇಲೆ ‘ರನ್ ಸೆಲ್’ ಅಂತ ಮೂಡುತ್ತದೆ. ಮೊದಲ ಸಲ ಐಪೈಕರ್ನಲ್ ಅನ್ನುವ ಪ್ಯಾಕೇಜ್ ಕೇಳುತ್ತದೆ, ಇಂಟರ್‌ನೆಟ್ ಇರುವಾಗ ಒಪ್ಪಿಕೊಂಡುಬಿಡಿ. ಲ್ಯಾಪ್‌ಟಾಪ್‌ನಲ್ಲಿ 4 ಜಿಬಿ ರ‍್ಯಾಮ್ ಇದ್ದರೆ ನಾನು ಇದನ್ನು ಹೇಳುವುದಿಲ್ಲ. ಪೈಥಾನ್ ಜೊತೆಗೇ ಬರುವ ಐಡಲ್ ಸಾಕು: ಎಫ್5 ಒತ್ತಿದರೆ ಪ್ರತಿ ಸಲ ಹೊಸದಾಗಿ ಶುರುವಾಗಿ ಫೈಲ್ ಓಡುತ್ತದೆ, ಮುಗಿದ ಮೇಲೂ ಶೆಲ್ ತೆರೆದೇ ಇರುತ್ತದೆ. ಅಲ್ಲಿ ‘ಒಟ್ಟು’ ಅಂತ ಟೈಪ್ ಮಾಡಿ ಅದರಲ್ಲಿರುವ ಸಂಖ್ಯೆ ನೋಡಬಹುದು. ನೋಡಲು ಹಳೇ ಕಾಲದ್ದು, ಆದರೆ ಕಲಿಯುವವರಿಗೆ ಇದಕ್ಕಿಂತ ನೇರವಾದದ್ದು ಕಡಿಮೆ.

ಕನ್ನಡ ಬಳಸುವುದರಿಂದ ಬರುವ ಎರಡು ತೊಂದರೆ ಬಾಕಿ ಇವೆ. ಔಟ್‌ಪುಟ್ ಪ್ಯಾನೆಲ್‌ಗೆ ಕನ್ನಡ ಪ್ರಿಂಟ್ ಮಾಡಿದರೆ ವಿಂಡೋಸ್‌ನಲ್ಲಿ ‘ಚಾರ್‌ಮ್ಯಾಪ್’ ಅನ್ನುವ ಪದವಿರುವ ಯುನಿಕೋಡ್ ಎನ್‌ಕೋಡ್ ಎರರ್ ಬರಬಹುದು. ವಿಂಡೋಸ್‌ನ ಎನ್ವಿರಾನ್‌ಮೆಂಟ್ ವೇರಿಯಬಲ್‌ಗಳಲ್ಲಿ ಪೈಥಾನ್‌ಯುಟಿಎಫ್8 ಅನ್ನುವ ಹೆಸರು (ಇಂಗ್ಲಿಷ್‌ನಲ್ಲಿ, ಎಲ್ಲವೂ ಕ್ಯಾಪಿಟಲ್, ನಡುವೆ ಅಂತರವಿಲ್ಲ) ಸೇರಿಸಿ ವ್ಯಾಲ್ಯೂ 1 ಕೊಡಿ. ಆಮೇಲೆ ವಿಎಸ್ ಕೋಡ್‌ನ ಎಲ್ಲ ಕಿಟಕಿ ಮುಚ್ಚಿ ಮತ್ತೆ ತೆರೆಯಿರಿ, ಶುರುವಾಗುವಾಗ ಓದಿದ್ದನ್ನೇ ಅದು ಇಟ್ಟುಕೊಂಡಿರುತ್ತದೆ.

ಇನ್ನೊಂದು ಕಣ್ಣಿಗೆ ಬೀಳುವುದೇ ಇಲ್ಲ. ‘ಇನ್‌ವಾಯ್ಸ್’ ಅಂತ ಬರೆಯುವಾಗ ಒತ್ತಕ್ಷರ ಆಗದಿರಲಿ ಅಂತ ನಡುವೆ ಒಂದು ಕಾಣದ ಅಕ್ಷರ ಹಾಕುತ್ತೇವಲ್ಲ, ಅದು ಹೆಸರಿನೊಳಗೆ ಸೇರಿದರೆ ಪೈಥಾನ್ ಸಿಂಟ್ಯಾಕ್ಸ್ ಎರರ್ ಕೊಟ್ಟು ಯು+200ಸಿ ಅನ್ನುವ ಸಂಖ್ಯೆ ತೋರಿಸುತ್ತದೆ. ಪ್ರಿಂಟ್ ಮಾಡುವ ಉದ್ಧರಣೆಯ ಒಳಗೆ ಅದಿದ್ದರೆ ತೊಂದರೆಯಿಲ್ಲ. ವೇರಿಯಬಲ್ ಹೆಸರಿಗೆ ಮಾತ್ರ ‘ಚೀಟಿ’, ‘ಕೂಲಿ’, ‘ಬಾಕಿ’ಯಂಥ ಪದಗಳನ್ನೇ ಆರಿಸಿಕೊಳ್ಳಿ.