ಮರಗೆಲಸದ ಮೊದಲ ಸಲಕರಣೆಗಳು: ಸೆಟ್ ಕೊಳ್ಳಬೇಕೇ?

ಉಡುಪಿಯಲ್ಲಿ ಬಾಡಿಗೆ ಮನೆಯಲ್ಲಿರುವ ತಾವು, ಭಾನುವಾರಗಳಲ್ಲಿ ಮರಗೆಲಸ ಕಲಿಯಲು 3000 ರೂಪಾಯಿಯೊಳಗೆ ಏನೇನು ಕೊಳ್ಳಬಹುದು, ಪೆಟ್ಟಿಗೆಯಲ್ಲಿ ಜೋಡಿಸಿ ಮಾರುವ ಸೆಟ್ ಆದೀತೇ ಎಂದು ಕೇಳಿದ್ದೀರಿ. ಸೆಟ್ ಬೇಡ. ಆ ಹಣದಲ್ಲಿ ಮೊದಲ ಪಾಲನ್ನು ಸಾಣೆಕಲ್ಲಿಗೆ ತೆಗೆದಿಟ್ಟು, ಉಳಿದುದರಲ್ಲಿ ಉಳಿ, ಗರಗಸ, ಲಂಬಕೋನ ನೋಡುವ ಮೂಲೆಮಟ್ಟ ಹೀಗೆ ನಾಲ್ಕೈದು ಸಲಕರಣೆಗಳನ್ನು ಬಿಡಿಬಿಡಿಯಾಗಿ ಆರಿಸಿಕೊಳ್ಳಿ.

ನಾನು ಕಲಿಯತೊಡಗಿದಾಗ ಹನ್ನೆರಡು ಉಳಿಗಳ ಪೆಟ್ಟಿಗೆಯೊಂದನ್ನು ಕೊಂಡಿದ್ದೆ. ಹಲಸಿನ ಹಲಗೆಯಲ್ಲಿ ಕುಳಿ ತೋಡಲು ಹೋದರೆ ಮರ ಕತ್ತರಿಸುವ ಬದಲು ನಜ್ಜಾಗುತ್ತಿತ್ತು. ಉಕ್ಕೇ ಕಳಪೆಯೆಂದು ತೀರ್ಮಾನಿಸಿ ಮೂಲೆಗಿಟ್ಟೆ. ಪಕ್ಕದ ಮನೆಗೆ ಬಾಗಿಲು ಕೂರಿಸಲು ಬಂದಿದ್ದ ಆಚಾರಿಯೊಬ್ಬರು ಅದೇ ಉಳಿಯನ್ನು ತಮ್ಮ ಕಲ್ಲಿನ ಮೇಲೆ ಕಾಲು ಗಂಟೆ ಮಸೆದು ಕೊಟ್ಟಾಗ ಅದು ಹಲಸನ್ನು ತೆಳ್ಳಗೆ ಎಬ್ಬಿಸಿತು. ಇಂದಿಗೂ ಆ ಹನ್ನೆರಡರಲ್ಲಿ ನನ್ನ ಕೈಗೆ ಬರುವುದು ಕಾಲು, ಅರ್ಧ ಮತ್ತು ಮುಕ್ಕಾಲು ಇಂಚಿನ ಮೂರೇ.

ಅಂಗಡಿಯಿಂದ ಬರುವ ಹೊಸ ಉಳಿಗೆ ಇಳಿಜಾರು ಮಾತ್ರ ಇರುತ್ತದೆ, ನಿಜವಾದ ಹರಿತ ಇರುವುದಿಲ್ಲ. ಮೊದಲು ಅದರ ಬೆನ್ನಿನ, ಅಂದರೆ ಇಳಿಜಾರಿಲ್ಲದ ಮಗ್ಗುಲಿನ, ತುದಿಯ ಒಂದು ಇಂಚನ್ನು ಕಲ್ಲಿನ ಮೇಲೆ ಸಪಾಟಾಗಿ ಉಜ್ಜಬೇಕು. ಬಳಿಕ ಇಳಿಜಾರನ್ನು ಸುಮಾರು 25ರಿಂದ 30 ಡಿಗ್ರಿಯಲ್ಲಿ ಹಿಡಿದು, ಬೆನ್ನಿನ ಕಡೆ ಬೆರಳಿಗೆ ತಗಲುವಷ್ಟು ಸಣ್ಣ ಒರಟು ಅಂಚು ಏಳುವವರೆಗೆ ಮಸೆದು, ಆ ಅಂಚನ್ನು ಕಲ್ಲಿನ ನಯವಾದ ಮುಖದಲ್ಲಿ ತೆಗೆಯಬೇಕು. ಇದಕ್ಕೆ ಒಂದು ಮುಖ ಒರಟು, ಇನ್ನೊಂದು ನಯವಿರುವ ಕಾರ್ಬೋರಂಡಮ್ ಕಲ್ಲು ಸಾಕು. ಅದೂ ದುಬಾರಿಯೆನಿಸಿದರೆ ದಪ್ಪ ಗಾಜಿನ ತುಂಡಿನ ಮೇಲೆ 400 ಮತ್ತು 1000 ನಂಬರಿನ ವಾಟರ್ ಪೇಪರ್ (ನೀರು ಹಚ್ಚಿ ಉಜ್ಜುವ ಮರಳುಕಾಗದ) ಹಾಸಿ ಮಸೆಯಬಹುದು.

ಗರಗಸದ ವಿಷಯದಲ್ಲಿ ಒಂದು ಎಚ್ಚರಿಕೆ: ಹಲ್ಲಿನ ತುದಿಗಳು ಕಪ್ಪು ನೀಲಿಯಾಗಿದ್ದರೆ ಅವನ್ನು ಕಾಯಿಸಿ ಗಟ್ಟಿ ಮಾಡಲಾಗಿದೆ ಎಂದರ್ಥ, ಬಹುಕಾಲ ಹರಿತವಾಗಿರುತ್ತವೆ, ಆದರೆ ಮೊಂಡಾದ ಮೇಲೆ ಸಾಮಾನ್ಯ ಅರದಿಂದ ಚೂಪು ಮಾಡಲಾಗದು. ಕಲಿಯುವವರಿಗೆ ಅದೇ ಅನುಕೂಲವೆಂದು ನನ್ನ ಎಣಿಕೆ, ಏಕೆಂದರೆ ಉಳಿ ಮಸೆಯುವುದನ್ನೂ ಗರಗಸದ ಹಲ್ಲು ತಿದ್ದುವುದನ್ನೂ ಒಟ್ಟಿಗೆ ಕಲಿಯಹೊರಟರೆ ಮರದ ಕೆಲಸ ಶುರುವಾಗುವುದೇ ಇಲ್ಲ.

ಮೂಲೆಮಟ್ಟವನ್ನು ಅಂಗಡಿಯಲ್ಲೇ ಪರೀಕ್ಷಿಸಿ. ನೇರ ಅಂಚಿನ ಹಲಗೆಗೆ ಒತ್ತಿ ಗೆರೆ ಎಳೆದು, ಮಟ್ಟವನ್ನು ಮಗುಚಿ ಅಲ್ಲೇ ಇನ್ನೊಂದು ಗೆರೆ ಎಳೆದರೆ ಎರಡೂ ಒಂದಾಗಬೇಕು. ಗೆರೆಗಳ ನಡುವೆ ಅಂತರ ಕಂಡರೆ ಮಟ್ಟದ ತಪ್ಪು ಆ ಅಂತರದ ಅರ್ಧದಷ್ಟಿದೆ. ಅಂಗಡಿಯವರು ಸಿಡುಕಿದರೂ ಇದನ್ನು ಬಿಡಬೇಡಿ. ಉಳಿಗೆ ಹೊಡೆಯುವ ಮರದ ಸುತ್ತಿಗೆಯಾದ ಕೊಡತಿಯನ್ನು ಕೊಳ್ಳಲೇಬೇಡಿ, ಮರದ ಮಿಲ್ಲಿನಲ್ಲಿ ಸಿಗುವ ಹುಣಸೆಯ ತುಂಡಿನಿಂದ ನೀವೇ ಮಾಡಿಕೊಳ್ಳಿ. ಹಲಗೆಯನ್ನು ಕೆತ್ತಿ ನಯಗೊಳಿಸುವ ಕೀಸುಳಿ, ಅಂದರೆ ಘಟ್ಟದ ಮೇಲಿನವರು ತೋಪಡ ಎನ್ನುವುದು, ಸದ್ಯಕ್ಕೆ ಬೇಡ. ಅಗ್ಗದ ಕಬ್ಬಿಣದ ಕೀಸುಳಿಯ ತಳ ಹಲವು ಬಾರಿ ಸಮವಾಗಿರುವುದಿಲ್ಲ, ಅದನ್ನು ಸರಿಪಡಿಸಲು ಕೈ ಪಳಗಿರಬೇಕು.

ನಮ್ಮ ಕರಾವಳಿಗೆ ಸಂಬಂಧಿಸಿದ ಮಾತೊಂದು ಉಳಿದಿದೆ. ಒಂದು ಆಟಿಯಲ್ಲಿ (ಜಡಿಮಳೆಯ ತುಳು ತಿಂಗಳು) ನನ್ನ ಉಳಿಗಳನ್ನು ಬಟ್ಟೆಯಲ್ಲಿ ಸುತ್ತಿಟ್ಟು ಮರೆತಿದ್ದೆ. ಬಟ್ಟೆ ತೇವ ಹೀರಿ, ಮಸೆದ ಅಂಚುಗಳಲ್ಲೆಲ್ಲ ತುಕ್ಕಿನ ಚುಕ್ಕೆಗಳೆದ್ದು, ಮತ್ತೆ ಮೊದಲಿನಿಂದ ಮಸೆಯಬೇಕಾಯಿತು. ಕೆಲಸ ಮುಗಿದೊಡನೆ ಒರೆಸಿ, ಹೊಲಿಗೆ ಯಂತ್ರದ ಎಣ್ಣೆಯನ್ನು ತೆಳ್ಳಗೆ ಸವರಿ, ಮುಚ್ಚಳ ಭದ್ರವಾಗಿರುವ ಡಬ್ಬಿಯಲ್ಲಿಡಿ; ಮಳೆಗಾಲದಲ್ಲಿ ವಾರಕ್ಕೊಮ್ಮೆ ತೆರೆದು ನೋಡಿ.